ಕಯಾಕ್ ಬೇಕಾ, ಕನೂ ಬೇಕಾ? ದೋಣಿ ಆರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟು ಹಿಡಿಯುವ ಆಸೆ ಇರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ದೋಣಿ ಚೆನ್ನಾಗಿದೆ?" ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ನೀರಿಗೆ ಇಳಿಸುತ್ತೀರಿ? ಜೊತೆಗೆ ಯಾರು, ಏನೇನು ಬರುತ್ತದೆ? ಮನೆಯಿಂದ ದಡದವರೆಗೆ ಅದನ್ನು ಹೊರುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ದೋಣಿಯಲ್ಲಿ ಕೂತು ನೋಡುವುದು. ಬಣ್ಣ, ಕಂಪನಿ, ರಿಯಾಯಿತಿ ಎಲ್ಲ ಆಮೇಲೆ.

ಕಯಾಕ್‌ಗೂ ಕನೂಗೂ ಏನು ವ್ಯತ್ಯಾಸ?

ಹುಟ್ಟು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಕನೂ ಹುಟ್ಟಿಗೆ ಒಂದೇ ತುದಿಯಲ್ಲಿ. ಕಯಾಕಿನಲ್ಲಿ ನೀರಿನ ಮಟ್ಟಕ್ಕೆ ಹತ್ತಿರವಾಗಿ, ಕಾಲು ಮುಂದೆ ಚಾಚಿ ಕೂರುತ್ತೀರಿ. ಕನೂನಲ್ಲಿ ಸ್ವಲ್ಪ ಎತ್ತರದ ಸೀಟಿನ ಮೇಲೆ ಕೂರುತ್ತೀರಿ, ಇಲ್ಲವೇ ಮಂಡಿಯೂರುತ್ತೀರಿ. ಕನೂವಿನ ಮೇಲ್ಭಾಗ ಪೂರ್ತಿ ತೆರೆದಿರುತ್ತದೆ.

ಎರಡೂ ಬೇರೆ ಬೇರೆ ಬದುಕಿನಿಂದ ಬಂದವು. ಕಯಾಕ್ ಉತ್ತರ ಧ್ರುವದ ಕಡೆಯ ಇನುಯಿಟ್, ಅಲ್ಯೂಟ್ ಜನರ ಬೇಟೆಯ ದೋಣಿ. ತೇಲಿಬಂದ ಮರ ಅಥವಾ ತಿಮಿಂಗಿಲದ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಟ್ಟುತ್ತಿದ್ದರು. ಕೊರೆಯುವ ಕಡಲ ನೀರು ಒಳಗೆ ಬರಬಾರದು, ಅದಕ್ಕೇ ಮೇಲ್ಭಾಗ ಮುಚ್ಚಿತ್ತು. ಕನೂ ಉತ್ತರ ಅಮೆರಿಕದ ಮೂಲನಿವಾಸಿಗಳು ಜನ, ಸರಕು ಸಾಗಿಸುತ್ತಿದ್ದ ದೋಣಿ. ಬರ್ಚ್ ಮರದ ತೊಗಟೆಯಿಂದ ಮಾಡಿದ ಕನೂ ಹಗುರವಾಗಿತ್ತು. ಒಂದು ಸರೋವರ ಮುಗಿದರೆ ಹೆಗಲ ಮೇಲೆ ಹೊತ್ತು ಇನ್ನೊಂದಕ್ಕೆ ನಡೆಯಬಹುದಿತ್ತು. ಇವತ್ತು ಪ್ಲಾಸ್ಟಿಕ್‌ನಲ್ಲಿ ಮಾಡಿದರೂ ಎರಡರ ಗುಣ ಅದೇ. ಕಯಾಕ್ ಗಾಳಿ ಮತ್ತು ಅಲೆಗೆ ಜಗ್ಗುವುದಿಲ್ಲ. ಕನೂ ಸಾಮಾನು ಹೊರುತ್ತದೆ.

ಹಾಗಾದರೆ ನನಗೆ ಯಾವುದು ಸರಿ?

ಒಬ್ಬರೇ ಹೋಗುವವರು, ದೊಡ್ಡ ಸರೋವರ ಅಥವಾ ಕಡಲಂಚಿನ ನೀರಿಗೆ ಇಳಿಯುವವರು ಕಯಾಕ್ ನೋಡಿ. ಎರಡು ಕಡೆಯೂ ಅಲಗು ಇರುವುದರಿಂದ ಒಂದೇ ದಿನದಲ್ಲಿ ನೇರವಾಗಿ ಸಾಗುವುದನ್ನು ಕಲಿಯಬಹುದು. ಮೈ ಕೆಳಗಿರುವುದರಿಂದ ಗಾಳಿಯ ಹೊಡೆತವೂ ಕಡಿಮೆ.

ಮಕ್ಕಳು, ನಾಯಿ, ಡೇರೆ, ಅಡುಗೆ ಸಾಮಾನು ಎಲ್ಲ ಜೊತೆಗಿದ್ದರೆ ಕನೂ. ಆಗಾಗ ಇಳಿದು ಹತ್ತಬೇಕು, ನಡುವೆ ದೋಣಿ ಹೊತ್ತು ನಡೆಯಬೇಕು ಅಂದರೂ ಕನೂನೇ. ಮಂಡಿ ಅಥವಾ ಸೊಂಟದ ನೋವು ಇರುವವರಿಗೆ ಕಯಾಕಿನಲ್ಲಿ ಕಾಲು ಚಾಚಿ ಗಂಟೆಗಟ್ಟಲೆ ಕೂರುವುದು ಕಷ್ಟ. ಕನೂನಲ್ಲಿ ಭಂಗಿ ಬದಲಿಸುತ್ತಾ ಇರಬಹುದು. ಆದರೆ ಒಂದೇ ಬದಿಯಲ್ಲಿ ಹುಟ್ಟು ಹಾಕಿ ದೋಣಿಯನ್ನು ನೇರ ಓಡಿಸಲು ಜೆ-ಸ್ಟ್ರೋಕ್ ಕಲಿಯಬೇಕು. ಹುಟ್ಟು ಹಿಂದಕ್ಕೆ ಬಂದಾಗ ಕೊನೆಯಲ್ಲಿ ಅಲಗನ್ನು ಹೊರಗೆ ತಿರುಗಿಸಿ ಮೆಲ್ಲಗೆ ಒತ್ತುವ ಪಟ್ಟು ಅದು. ಕೈಗೆ ಕೂರಲು ಕೆಲವು ವಾರ ಬೇಕು. ಕೂತ ಮೇಲೆ ಅದರಷ್ಟು ಖುಷಿ ಕೊಡುವ ಕೈಚಳಕ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ.

ಎಷ್ಟು ಉದ್ದದ ದೋಣಿ ತೆಗೆದುಕೊಳ್ಳಲಿ?

ಸ್ಥೂಲವಾಗಿ ಹೀಗೆ. ಕೆರೆ, ನಿಧಾನದ ಹೊಳೆಯಲ್ಲಿ ಅಡ್ಡಾಡುವ ಕಯಾಕ್ 9ರಿಂದ 12 ಅಡಿ. ದಿನವಿಡೀ ಸುತ್ತುವ ಟೂರಿಂಗ್ ಕಯಾಕ್ 12ರಿಂದ 15 ಅಡಿ. ಸಮುದ್ರದ ಕಯಾಕ್ 16ರಿಂದ 18 ಅಡಿ. ರಭಸದ ಹೊಳೆಯಲ್ಲಿ ಬಂಡೆಗಳ ನಡುವೆ ನುಸುಳುವ ಕಯಾಕ್ 6ರಿಂದ 9 ಅಡಿ. ಇಬ್ಬರು ಕೂರುವ ಕನೂ ಸಾಮಾನ್ಯವಾಗಿ 16 ಅಥವಾ 17 ಅಡಿ.

ಉದ್ದಕ್ಕೂ ವೇಗಕ್ಕೂ ನಂಟಿದೆ. ದೋಣಿ ಸಾಗುವಾಗ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನು ಮೀರಿ ಓಡಿಸಲು ಹೋದರೆ ತೋಳು ಸೋಲುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಆ ಮಿತಿಯನ್ನು ಲೆಕ್ಕ ಹಾಕುವ ಹಳೆಯ ಸೂತ್ರ ಒಂದಿದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. 9 ಅಡಿಗೆ ಸುಮಾರು 4 ನಾಟ್, ಅಂದರೆ ಗಂಟೆಗೆ 7.4 ಕಿಲೋಮೀಟರ್. 16 ಅಡಿಗೆ ಸುಮಾರು 5.4 ನಾಟ್, ಅಂದರೆ ಹತ್ತಿರ ಹತ್ತಿರ 10 ಕಿಲೋಮೀಟರ್. ನಾವು ಆರಾಮವಾಗಿ ಹೋಗುವುದು 5 ಕಿಲೋಮೀಟರ್ ಆಸುಪಾಸಿನಲ್ಲಿ. ಹಾಗಿದ್ದರೂ ಉದ್ದದ ದೋಣಿಗೆ ಆ ವೇಗ ಸಲೀಸು, ಗಿಡ್ಡ ದೋಣಿಗೆ ಅದೇ ದುಡಿಮೆ.

ನನ್ನ ಮೊದಲ ಕಯಾಕ್ 9 ಅಡಿಯದು, ಅಗಲವಾದದ್ದು. ದಡದ ಸುತ್ತಮುತ್ತ ಅದು ತುಂಬಾ ಚೆನ್ನಾಗಿತ್ತು. ಒಂದು ಸಂಜೆ ದೊಡ್ಡ ಸರೋವರದ ನಡುವೆ ಎದುರುಗಾಳಿ ಎದ್ದಿತು. ದಡ ಕಣ್ಣಿಗೆ ಕಾಣುತ್ತಿತ್ತು. ತಲುಪಲು ಒಂದೂವರೆ ಗಂಟೆ ಬೇಕಾಯಿತು. ಹುಟ್ಟು ಹಾಕುವುದನ್ನು ನಿಲ್ಲಿಸಿದ ಕ್ಷಣವೇ ದೋಣಿ ಹಿಂದೆ ಜಾರುತ್ತಿತ್ತು. ದೋಣಿ ಕೆಟ್ಟದಾಗಿರಲಿಲ್ಲ. ಆ ನೀರಿಗೆ ಅದು ಹೇಳಿ ಮಾಡಿಸಿದ್ದಲ್ಲ, ಅಷ್ಟೇ. ಅಂದಿನಿಂದ ಉದ್ದದ ಮಾತು ಬಂದಾಗಲೆಲ್ಲ ಮೊದಲು ನೀರಿನ ಬಗ್ಗೆ ಕೇಳುತ್ತೇನೆ.

ಹಾಗಂತ ಉದ್ದ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲ್ಲ. ಉದ್ದದ ದೋಣಿಯ ಮೈ ನೀರಿಗೆ ಹೆಚ್ಚು ಉಜ್ಜುತ್ತದೆ. ಸಣ್ಣ ಮೈಕಟ್ಟಿನವರು ನಿಧಾನವಾಗಿ ಹೋಗುವುದಾದರೆ 17 ಅಡಿಗಿಂತ 14 ಅಡಿಯದೇ ಹಗುರ ಅನಿಸಬಹುದು. ತಿರುವುಗಳಿರುವ ಕಿರಿದಾದ ಹೊಳೆಯಲ್ಲಿ ಉದ್ದದ ದೋಣಿ ಪ್ರತಿ ತಿರುವಿನಲ್ಲೂ ಪೊದೆಗೆ ಮೂತಿ ಹಾಕುತ್ತದೆ.

ಅಗಲವಾಗಿದ್ದರೆ ಮಗುಚುವುದಿಲ್ಲ ಅಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಸ್ಥಿರತೆಯಲ್ಲಿ ಎರಡು ಬಗೆ. ಮೊದಲನೆಯದು ದೋಣಿಗೆ ಕಾಲಿಟ್ಟ ತಕ್ಷಣ ಅನುಭವಕ್ಕೆ ಬರುವುದು: ಅಲ್ಲಾಡುತ್ತದಾ, ಇಲ್ವಾ? ಅಗಲವಾದ, ಚಪ್ಪಟೆ ತಳದ ದೋಣಿ ಇದರಲ್ಲಿ ಮುಂದು. ಎರಡನೆಯದು ದೋಣಿ ಒಂದು ಬದಿಗೆ ವಾಲಿದ ಮೇಲೆ ಗೊತ್ತಾಗುವುದು: ವಾಲಿ ಅಲ್ಲೇ ನಿಲ್ಲುತ್ತದಾ, ಮಗುಚಿಯೇ ಬಿಡುತ್ತದಾ? ಬದಿ ದುಂಡಗಿರುವ, ತಳ ತುಸು ವಿ ಆಕಾರದಲ್ಲಿರುವ ದೋಣಿ ಇದರಲ್ಲಿ ಮುಂದು.

ಚಪ್ಪಟೆ ತಳ ನೀರಿನ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ನೀರು ಸಮವಾಗಿದ್ದರೆ ದೋಣಿಯೂ ಸಮ. ಪಕ್ಕದಿಂದ ಅಲೆ ಬಂದು ನೀರೇ ಓರೆಯಾದರೆ ದೋಣಿಯೂ ಅಲೆಯ ಜೊತೆ ಓರೆಯಾಗುತ್ತದೆ. ಒಂದು ಹಂತ ದಾಟಿದರೆ ಹೇಳದೆ ಕೇಳದೆ ಮಗುಚುತ್ತದೆ. ದುಂಡು ತಳದ ದೋಣಿ ಮೊದಲ ದಿನ ತೊಟ್ಟಿಲಿನ ಹಾಗೆ ತೂಗುತ್ತದೆ, ಭಯ ಆಗುತ್ತದೆ. ಆದರೆ ಅಲೆ ಅಡಿಯಿಂದ ದಾಟಿ ಹೋಗುವಾಗ ನೀವು ನೆಟ್ಟಗೆ ಕೂತಿರುತ್ತೀರಿ.

ಶಾಂತ ನೀರಿನಲ್ಲಿ ಫೋಟೋ ತೆಗೆಯಲು, ಹಕ್ಕಿ ನೋಡಲು 28ರಿಂದ 32 ಇಂಚು ಅಗಲ ಚೆನ್ನ. ಅಲೆ ಇರುವ ಕಡೆಗೆ 21ರಿಂದ 24 ಇಂಚು. ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಅಲ್ಲಾಡಿತು ಅಂತ ಒಳ್ಳೆಯ ಟೂರಿಂಗ್ ಕಯಾಕನ್ನು ಬಿಟ್ಟುಬಿಡಬೇಡಿ. ಮೂರ್ನಾಲ್ಕು ಸಲ ನೀರಿಗಿಳಿದರೆ ಮೈ ಒಗ್ಗುತ್ತದೆ.

ರಾಕರ್ ಅಂದರೆ ಏನು?

ದೋಣಿಯನ್ನು ಪಕ್ಕದಿಂದ ನೋಡಿ. ಮೂತಿಯಿಂದ ಹಿಂತುದಿವರೆಗೆ ತಳ ಬಾಳೆಹಣ್ಣಿನ ಹಾಗೆ ಬಾಗಿದೆಯಾ? ಆ ಬಾಗೇ ರಾಕರ್. ಜಾಸ್ತಿ ಬಾಗಿದ್ದರೆ ಚಕ್ಕನೆ ತಿರುಗುತ್ತದೆ. ಕಡಿಮೆ ಇದ್ದರೆ ಗೆರೆ ಎಳೆದಂತೆ ನೇರ ಹೋಗುತ್ತದೆ. ರಭಸದ ಹೊಳೆಗೆ ಜಾಸ್ತಿ, ದೂರದ ಪಯಣಕ್ಕೆ ಕಡಿಮೆ.

ಒಳಗೆ ಕೂರುವ ಕಯಾಕ್ ಒಳ್ಳೆಯದೋ, ಮೇಲೆ ಕೂರುವುದೋ?

ಬೆಚ್ಚಗಿನ ನೀರು, ಹೊಸಬರು, ಮಕ್ಕಳು, ಈಜು ಇಷ್ಟಪಡುವವರು ಅಂದರೆ ಮೇಲೆ ಕೂರುವ ಸಿಟ್-ಆನ್-ಟಾಪ್. ಬಿದ್ದರೆ ಮತ್ತೆ ಹತ್ತುವುದು ಸುಲಭ. ಮೇಲೆ ಬಂದ ನೀರು ತೂತುಗಳಿಂದ ತಾನಾಗಿ ಇಳಿದುಹೋಗುತ್ತದೆ. ಒಳಗೆ ಸಿಕ್ಕಿಕೊಳ್ಳುವ ಭಯವೂ ಇಲ್ಲ. ಆದರೆ ಮೈ ಒದ್ದೆ ಆಗಿಯೇ ಆಗುತ್ತದೆ, ತೂಕವೂ ಜಾಸ್ತಿ.

ಒಳಗೆ ಕೂರುವ ಸಿಟ್-ಇನ್ ಕಯಾಕಿನಲ್ಲಿ ಸೊಂಟ, ತೊಡೆ, ಪಾದ ಮೂರೂ ದೋಣಿಗೆ ತಾಗಿರುತ್ತವೆ. ಸೊಂಟ ಅಲ್ಲಾಡಿಸಿದರೆ ದೋಣಿಯೇ ಅಲ್ಲಾಡುತ್ತದೆ. ಈ ಹಿಡಿತ ಮೇಲೆ ಕೂರುವ ಕಯಾಕಿನಲ್ಲಿ ಸಿಗುವುದಿಲ್ಲ. ಸ್ಪ್ರೇ ಸ್ಕರ್ಟ್, ಅಂದರೆ ಸೊಂಟಕ್ಕೆ ಕಟ್ಟಿ ಕೂರುವ ಜಾಗದ ಬಾಯಿ ಮುಚ್ಚುವ ಹೊದಿಕೆ, ಕಟ್ಟಿಕೊಂಡರೆ ಮಳೆ, ಅಲೆ ಯಾವುದೂ ಒಳಗೆ ಬರುವುದಿಲ್ಲ. ಸ್ಕರ್ಟ್ ಕಟ್ಟುವ ಮುಂಚೆ, ಮಗುಚಿದಾಗ ಅದನ್ನು ಕಿತ್ತು ಹೊರಗೆ ಬರುವುದನ್ನು ಗುರುಗಳ ಎದುರು ಕಲಿತಿರಲೇಬೇಕು.

ಒಂದು ಎಚ್ಚರಿಕೆ. ಅಗ್ಗದ ಚಿಕ್ಕ ಸಿಟ್-ಇನ್ ಕಯಾಕ್‌ಗಳಲ್ಲಿ, ಕೂರುವ ಜಾಗದಿಂದ ಮುಂದಕ್ಕೂ ಹಿಂದಕ್ಕೂ ನೀರು ನುಗ್ಗದಂತೆ ತಡೆಯುವ ಅಡ್ಡಗೋಡೆಯೇ ಇರುವುದಿಲ್ಲ. ಮಗುಚಿದರೆ ನೂರಾರು ಲೀಟರ್ ನೀರು ತುಂಬುತ್ತದೆ. ನೀರಿನ ನಡುವೆ ಒಬ್ಬರೇ ಅದನ್ನು ಖಾಲಿ ಮಾಡಿ ಹತ್ತುವುದು ಆಗದ ಮಾತು. ಹಿಂದೆ, ಮುಂದೆ ಎರಡೂ ಕಡೆ ಅಡ್ಡಗೋಡೆ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಗಾಳಿ ಚೀಲ ತುರುಕಿಸಿ, ದಡದ ಹತ್ತಿರವೇ ಇರಿ.

ದೋಣಿ ನನ್ನ ಮೈಗೆ ಸರಿಹೊಂದುತ್ತದೆ ಅಂತ ಹೇಗೆ ತಿಳಿಯಲಿ?

ಕಯಾಕ್ ಹುಟ್ಟಿದ ಉತ್ತರದ ಜನರಲ್ಲಿ ದೋಣಿ ಕಟ್ಟುವವರ ಮೈಯೇ ಅಳತೆಗೋಲು. ಎರಡೂ ಕೈ ಚಾಚಿದರೆ ಒಂದು ಮಾರು ತಾನೇ? ಅಂಥ ಮೂರು ಮಾರು ಉದ್ದ. ಅಗಲಕ್ಕೆ ಸೊಂಟದ ಅಗಲದ ಮೇಲೆ ಎರಡು ಮುಷ್ಟಿ. ಆಳಕ್ಕೆ ಒಂದು ಮುಷ್ಟಿ ಮತ್ತು ಚಾಚಿದ ಹೆಬ್ಬೆರಳು. ಲೆಕ್ಕ ಹಾಕಿದರೆ ಇವತ್ತಿನ ಸಮುದ್ರ ಕಯಾಕಿನ ಉದ್ದ, ಅಗಲಕ್ಕೆ ತುಂಬಾ ಹತ್ತಿರ ಬರುತ್ತದೆ. ಒಬ್ಬರ ದೋಣಿ ಇನ್ನೊಬ್ಬರಿಗೆ ಹೊಂದುತ್ತದೆ ಅನ್ನುವ ಯೋಚನೆಯೇ ಆ ಅಳತೆಯಲ್ಲಿ ಇಲ್ಲ. ನನಗೆ ಇದು ತುಂಬಾ ಇಷ್ಟವಾದ ವಿಷಯ.

ನಾವು ಅಂಗಡಿಯಲ್ಲಿ ಮಾಡಬೇಕಾದದ್ದೂ ಇದನ್ನೇ. ದೋಣಿಯನ್ನು ನೆಲದ ಮೇಲೆ ಇಟ್ಟು ಒಳಗೆ ಕೂರಿ. ಸೊಂಟದ ಎರಡೂ ಬದಿ ಒಂದೆರಡು ಬೆರಳು ತೂರುವಷ್ಟೇ ಜಾಗ ಇರಲಿ. ಪಾದ ಪೆಡಲ್‌ಗೆ ತಾಗಿದಾಗ ಮಂಡಿ ತುಸು ಮಡಿಸಿ, ತೊಡೆ ಮೇಲಿನ ಅಂಚಿಗೆ ತಗುಲಬೇಕು. ಬೆನ್ನ ಪಟ್ಟಿ ಸೊಂಟದ ಮಟ್ಟದಲ್ಲೇ ಇರಲಿ. ಅದಕ್ಕಿಂತ ಎತ್ತರವಾದರೆ ಮೈ ತಿರುಗಿಸಲು ಅಡ್ಡಿ. ಹಾಗೇ ಇಪ್ಪತ್ತು ನಿಮಿಷ ಕೂತಿರಿ. ಕಾಲು ಜೋಮು ಹಿಡಿದರೆ ಆ ಸೀಟು ನಿಮ್ಮದಲ್ಲ. ಅಂಗಡಿಯವರು ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ. ಮುಂದೆ ನೂರಾರು ಗಂಟೆ ಅಲ್ಲಿ ಕೂರುವವರು ನೀವು.

ತೂಕದ ಮಿತಿಯನ್ನು ಹೇಗೆ ನೋಡಬೇಕು?

ಬರೆದಿರುವ ಸಂಖ್ಯೆ ಹೆಚ್ಚಿನ ಕಡೆ ಕೊನೆಯ ಗೆರೆ. ಅಷ್ಟು ಹೇರಿದರೆ ದೋಣಿ ತೇಲಬಹುದು, ಆದರೆ ಅಂಚು ನೀರಿಗೆ ಹತ್ತಿರವಾಗಿ ಮರದ ದಿಮ್ಮಿ ಹಾಗೆ ಸಾಗುತ್ತದೆ. ಮೂರರಲ್ಲಿ ಎರಡು ಪಾಲು ಮಾತ್ರ ಬಳಸಿ. ನೀವು 75 ಕೆಜಿ, ಸಾಮಾನು 15 ಕೆಜಿ, ಒಟ್ಟು 90. ಹಾಗಾದರೆ 135 ಕೆಜಿ ಮಿತಿಯ ದೋಣಿ ನೋಡಿ. ಕುಡಿಯುವ ನೀರನ್ನು ಲೆಕ್ಕಕ್ಕೆ ಸೇರಿಸುವುದನ್ನು ತುಂಬಾ ಜನ ಮರೆಯುತ್ತಾರೆ. ಎರಡು ದಿನಕ್ಕೆ ಎಂಟು ಲೀಟರ್ ಅಂದರೆ ಎಂಟು ಕೆಜಿ. ಇದರ ಉಲ್ಟಾ ತಪ್ಪೂ ಇದೆ. 50 ಕೆಜಿ ಇರುವವರು ದೊಡ್ಡ ದೋಣಿ ಕೊಂಡರೆ ಅದು ನೀರಿನ ಮೇಲೆ ಎತ್ತರಕ್ಕೆ ನಿಂತು ಗಾಳಿಗೆ ಎಲೆಯ ಹಾಗೆ ಹೊರಳುತ್ತದೆ.

ಯಾವುದರಿಂದ ಮಾಡಿದ್ದು ಒಳ್ಳೆಯದು?

ಹೊಸಬರಿಗೆ ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್. ಕಲ್ಲಿಗೆ ಉಜ್ಜಿದರೂ, ದಡಕ್ಕೆ ಎಳೆದರೂ ತಡೆಯುತ್ತದೆ, ಬೆಲೆಯೂ ಕಡಿಮೆ. ತೂಕ ಜಾಸ್ತಿ ಅನ್ನುವುದೇ ಕೊರತೆ. ಫೈಬರ್‌ಗ್ಲಾಸ್ ಗಟ್ಟಿ, ನುಣುಪು, ವೇಗ. ಬಿರುಕು ಬಿಟ್ಟರೆ ಮನೆಯಲ್ಲೇ ರಿಪೇರಿ ಮಾಡಬಹುದು. ಕೆವ್ಲಾರ್ ಎಂಬ ಗಟ್ಟಿ ನಾರಿನದು ಇನ್ನೂ ಹಗುರ, ಬೆಲೆಯೂ ಏರು. ಇಬ್ಬರ ಕೆವ್ಲಾರ್ ಕನೂ 20 ಕೆಜಿ ಆಸುಪಾಸಿನಲ್ಲೇ ಸಿಗುತ್ತದೆ. ಅಲ್ಯೂಮಿನಿಯಂ ಕನೂಗಳನ್ನು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ವಿಮಾನ ತಯಾರಿಸುತ್ತಿದ್ದ ಗ್ರಮನ್ ಕಂಪನಿ ಮಾಡತೊಡಗಿತು. ಅವು ಬಿಸಿಲು, ಮಳೆಗೆ ಹೆದರುವುದಿಲ್ಲ. ಆದರೆ ಕಲ್ಲಿಗೆ ತಾಗಿದರೆ ಜಾರದೆ ಅಂಟಿಕೊಳ್ಳುತ್ತವೆ, ಸದ್ದೂ ಜೋರು.

ವಸ್ತು ಆರಿಸುವಾಗ ನಾನು ಒಂದೇ ಪರೀಕ್ಷೆ ಮಾಡುತ್ತೇನೆ: ಒಬ್ಬರೇ ಎತ್ತಿ ಕಾರಿನ ಮೇಲೆ ಇಡಲು ಆಗುತ್ತದಾ? ಆಗದಿದ್ದರೆ, ಪ್ರತಿ ಸಲ ಇನ್ನೊಬ್ಬರಿಗೆ ಕಾಯಬೇಕು. ಕಾಯುತ್ತಾ ಕಾಯುತ್ತಾ ದೋಣಿ ಮೂಲೆ ಸೇರುತ್ತದೆ. ದುಡ್ಡು ಸ್ವಲ್ಪ ಜಾಸ್ತಿ ಹಾಕುವುದಾದರೆ ಅದು ತೂಕ ಇಳಿಸಲಿಕ್ಕೇ ಹೋಗಲಿ.

ಗಾಳಿ ತುಂಬುವ ಅಥವಾ ಮಡಿಸುವ ಕಯಾಕ್ ನಂಬಬಹುದಾ?

ಮನೆಯಲ್ಲಿ ಜಾಗ ಇಲ್ಲದವರಿಗೆ, ಬಸ್ಸು, ರೈಲಿನಲ್ಲಿ ಹೋಗುವವರಿಗೆ ಇದೇ ದಾರಿ. ಈಜುಕೊಳದ ಆಟಿಕೆಯಂಥದ್ದು ಬೇಡ. ಹಲವು ಗಾಳಿ ಕೋಣೆಗಳಿರುವ, ಒಳಗೆ ಎರಡು ಪದರಗಳನ್ನು ನೂಲಿನಿಂದ ಸೇರಿಸಿದ್ದರಿಂದ ತಳ ಬಿಗಿಯಾಗಿ ನಿಲ್ಲುವ ಡ್ರಾಪ್-ಸ್ಟಿಚ್ ಮಾದರಿ ನೋಡಿ. ಒಣಗಿಸದೆ ಮಡಿಸಿದರೆ ಬೂಷ್ಟು ಹಿಡಿಯುತ್ತದೆ. ಗಾಳಿ ಜೋರಿದ್ದರೆ ನೀರಿಗಿಳಿಯಬೇಡಿ.

ಚೌಕಟ್ಟಿಗೆ ಬಟ್ಟೆ ತೊಡಿಸುವ ಮಡಿಸುವ ಕಯಾಕ್ ಬೇರೆಯೇ ಜಾತಿ. 1956ರಲ್ಲಿ ಜರ್ಮನಿಯ ವೈದ್ಯ ಹಾನೆಸ್ ಲಿಂಡೆಮನ್ ಕ್ಲೆಪ್ಪರ್ ಕಂಪನಿಯ ಇಂಥದ್ದೇ ಒಂದು ಕಯಾಕಿನಲ್ಲಿ ಒಬ್ಬರೇ 72 ದಿನದಲ್ಲಿ ಅಟ್ಲಾಂಟಿಕ್ ದಾಟಿದರು. ಅದನ್ನು ನಾವು ಮಾಡಬೇಕಿಲ್ಲ, ಆದರೆ ಮಡಿಸುವುದು ಅಂದ ಮಾತ್ರಕ್ಕೆ ದುರ್ಬಲ ಅಂತ ತಿಳಿಯಬಾರದು.

ಚುಕ್ಕಾಣಿ ಬೇಕಾ?

12 ಅಡಿಯ ಒಳಗಿನದಕ್ಕೆ ಬೇಡ. ಉದ್ದದ ಕಯಾಕ್ ಅಡ್ಡಗಾಳಿಗೆ ಗಾಳಿಯ ಕಡೆಗೇ ಮೂತಿ ತಿರುಗಿಸುತ್ತಿರುತ್ತದೆ. ಅದನ್ನು ತಡೆಯಲು ಸ್ಕೆಗ್ ಅಥವಾ ಚುಕ್ಕಾಣಿ. ಸ್ಕೆಗ್ ತಳದಿಂದ ಇಳಿಯುವ ಸಣ್ಣ ರೆಕ್ಕೆ, ತಿರುಗುವುದಿಲ್ಲ. ಚುಕ್ಕಾಣಿ ಕಾಲಿನಿಂದ ತಿರುಗುತ್ತದೆ. ಒಬ್ಬರ ಕಯಾಕಿಗೆ ಸ್ಕೆಗ್ ಸಾಕು, ಇಬ್ಬರದ್ದಕ್ಕೆ ಚುಕ್ಕಾಣಿ ಇರಲಿ. ಎರಡೂ ಇಲ್ಲದೆ ದೋಣಿ ತಿರುಗಿಸುವುದನ್ನು ಮೊದಲು ಕಲಿಯಿರಿ, ಯಾಕೆಂದರೆ ಅವುಗಳ ತಂತಿ ತುಂಡಾಗುವುದು ಗಾಳಿಯ ದಿನವೇ.

ಇಬ್ಬರಿದ್ದೇವೆ. ಒಂದು ದೊಡ್ಡದೋ, ಎರಡು ಚಿಕ್ಕದೋ?

ಇಬ್ಬರ ಶಕ್ತಿಯಲ್ಲಿ ತುಂಬಾ ವ್ಯತ್ಯಾಸ ಇದ್ದರೆ, ಜೊತೆಗೆ ಚಿಕ್ಕ ಮಗು ಇದ್ದರೆ, ಒಂದೇ ದೊಡ್ಡದು. ಯಾರೂ ಹಿಂದೆ ಉಳಿಯುವುದಿಲ್ಲ. ಮುಂದೆ ಕೂತವರು ತಾಳ ಹಾಕಬೇಕು, ಹಿಂದೆ ಕೂತವರು ಆ ತಾಳಕ್ಕೆ ಸೇರಿಕೊಂಡು ದಿಕ್ಕು ನೋಡಬೇಕು. ಇದನ್ನು ನೀರಿಗಿಳಿಯುವ ಮೊದಲೇ ಮಾತಾಡಿಕೊಳ್ಳಿ. ಇಬ್ಬರಿಗೂ ತಮ್ಮ ತಮ್ಮ ಲಯ ಇಷ್ಟ ಅಂದರೆ ತಲಾ ಒಂದು ಚಿಕ್ಕದು. ಇಬ್ಬರ ಕಯಾಕನ್ನು ಒಬ್ಬರೇ ಓಡಿಸುವುದು ಪ್ರಯಾಸ. ಇಬ್ಬರ ಕನೂವಿನಲ್ಲಾದರೆ ಒಬ್ಬರೇ ಇದ್ದಾಗ ನಡುವಿನ ಹತ್ತಿರ ಮಂಡಿಯೂರಿ ಹೇಗೋ ನಿಭಾಯಿಸಬಹುದು.

ಮೀನು ಹಿಡಿಯಲು ಎಂಥದ್ದು?

ಮೇಲೆ ಕೂರುವ, 32 ಇಂಚಿಗಿಂತ ಅಗಲವಾದದ್ದು. ಕೈ ಬಿಡುವಾಗಿರಬೇಕು ಅಂದರೆ ಕಾಲಿನಿಂದ ತುಳಿದು ಓಡಿಸುವ ಮಾದರಿ ಇದೆ. ಆದರೆ ಅದರ ರೆಕ್ಕೆಗೆ ಆಳ ನೀರು ಬೇಕು, ಜೊಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೂಕ 40 ಕೆಜಿ ದಾಟುವುದೂ ಉಂಟು. ಚಕ್ರದ ಗಾಡಿ ಜೊತೆಗೇ ಕೊಳ್ಳಿ.

ರಭಸದ ಹೊಳೆಗೆ ಹೋಗುವ ಆಸೆ. ಎಲ್ಲಿಂದ ಶುರು ಮಾಡಲಿ?

ದೋಣಿಯಿಂದ ಅಲ್ಲ, ತರಬೇತಿಯಿಂದ. ಹೊಳೆಯ ಕಷ್ಟವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. 1 ಅಂದರೆ ಸಣ್ಣ ಅಲೆಗಳ ಹರಿವು, 6 ಅಂದರೆ ಜೀವಕ್ಕೇ ಅಪಾಯ. ಬಾಡಿಗೆ ದೋಣಿಯಲ್ಲಿ 1, 2ನೇ ದರ್ಜೆಯ ನೀರನ್ನು ಕಲಿಸುವವರ ಜೊತೆ ಕಲಿಯಿರಿ. ಹೆಲ್ಮೆಟ್ ಕಡ್ಡಾಯ. ಆಮೇಲೆ 8 ಅಡಿ ಆಸುಪಾಸಿನ, ದುಂಡು ಮೂತಿಯ, ಬಿದ್ದರೂ ಮೇಲೇಳುವ ದೋಣಿ ನೋಡಿ. ಕೆರೆಯ ಅಗಲ ಕಯಾಕನ್ನು ರಭಸದ ನೀರಿಗೆ ಇಳಿಸಬೇಡಿ. ಅದರಲ್ಲಿ ತೊಡೆಗೆ ಹಿಡಿತವಿಲ್ಲ, ನೀರು ತುಂಬಿದರೆ ಬಂಡೆಗೆ ಸುತ್ತಿಕೊಳ್ಳುತ್ತದೆ.

ಹುಟ್ಟಿಗೆ ಅಷ್ಟು ಖರ್ಚು ಮಾಡಬೇಕಾ?

ಮಾಡಬೇಕು. ನಿಮಿಷಕ್ಕೆ 40 ಸಲ ಹುಟ್ಟು ಹಾಕಿದರೆ ಗಂಟೆಗೆ 2400 ಸಲ. ಅಲ್ಯೂಮಿನಿಯಂ ಹುಟ್ಟು ಕಾರ್ಬನ್ ಹುಟ್ಟಿಗಿಂತ 400 ಗ್ರಾಂ ಭಾರ ಅಂದುಕೊಳ್ಳಿ. ಗಂಟೆಯಲ್ಲಿ ಸುಮಾರು 960 ಕೆಜಿ ಹೆಚ್ಚು ಎತ್ತಿದ ಹಾಗಾಯಿತು! ಸಂಜೆ ಭುಜ ನೋಯುವುದಕ್ಕೆ ಕಾರಣ ಇದು. ದೋಣಿಯಲ್ಲಿ ಸ್ವಲ್ಪ ಉಳಿಸಿಯಾದರೂ ಹಗುರ ಹುಟ್ಟು ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹುಟ್ಟಿನ ಉದ್ದ ಕಯಾಕ್ ಕಿರಿದಾಗಿದ್ದರೆ 210ರಿಂದ 220 ಸೆಂಟಿಮೀಟರ್, ಅಗಲವಾಗಿದ್ದರೆ 230ರಿಂದ 240. ಕನೂ ಹುಟ್ಟನ್ನು ನಿಂತು ಅಳೆದರೆ ಗದ್ದದಿಂದ ಮೂಗಿನ ನಡುವೆ ಬರಬೇಕು.

ಲೈಫ್ ಜಾಕೆಟ್ ಈಜು ಬಂದವರಿಗೂ ಬೇಕಾ?

ಬೇಕು, ಪ್ರತಿ ಸಲ, ಮೈಮೇಲೇ, ಜಿಪ್ ಹಾಕಿ. ಸೀಟಿನ ಹಿಂದೆ ತುರುಕಿದ್ದು ಲೆಕ್ಕಕ್ಕಿಲ್ಲ. ತೋಳಿನ ಹತ್ತಿರ ಅಗಲ ಬಿಟ್ಟಿರುವ, ಹುಟ್ಟು ಹಾಕುವವರಿಗೆಂದೇ ಮಾಡಿದ್ದನ್ನು ಕೊಳ್ಳಿ. ಹಾಕಿಕೊಂಡು ಯಾರಿಗಾದರೂ ಭುಜದ ಪಟ್ಟಿ ಹಿಡಿದು ಮೇಲೆ ಎಳೆಯಲು ಹೇಳಿ. ಕಿವಿವರೆಗೆ ಬಂದರೆ ಸಡಿಲ. ಒಂದು ವಿಷಲ್ ಕಟ್ಟಿಕೊಳ್ಳಿ.

ಬಟ್ಟೆಯನ್ನು ಬಿಸಿಲು ನೋಡಿ ಅಲ್ಲ, ನೀರು ಮುಟ್ಟಿ ನೋಡಿ ಹಾಕಿ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಬಿದ್ದ ತಕ್ಷಣ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಎಷ್ಟು ಒಳ್ಳೆಯ ಈಜುಗಾರರೂ ಮುಳುಗಬಹುದು. ಅಂಥ ನೀರಿಗೆ ಒದ್ದೆಯಾದರೂ ಮೈ ಬೆಚ್ಚಗಿಡುವ ವೆಟ್‌ಸೂಟ್ ಅಥವಾ ನೀರನ್ನೇ ಒಳಗೆ ಬಿಡದ ಡ್ರೈಸೂಟ್ ಬೇಕೇ ಬೇಕು.

ಎಲ್ಲದಕ್ಕೂ ಆಗುವ ಒಂದೇ ದೋಣಿ ಇದೆಯಾ?

ಇಲ್ಲ. ಆದರೆ 12ರಿಂದ 14 ಅಡಿಯ, 24ರಿಂದ 26 ಇಂಚು ಅಗಲದ, ಎರಡು ಅಡ್ಡಗೋಡೆ ಇರುವ ಕಯಾಕ್ ಹೆಚ್ಚಿನ ಶಾಂತ ನೀರಿಗೆ ಒಗ್ಗುತ್ತದೆ. ಇನ್ನೂ ಗೊಂದಲ ಇದ್ದರೆ ಒಂದಿಡೀ ಋತು ಬಾಡಿಗೆಗೆ ತೆಗೆದುಕೊಂಡು ಬೇರೆ ಬೇರೆ ದೋಣಿಯಲ್ಲಿ ಕೂತು ನೋಡಿ.

ಹಳೆಯ ದೋಣಿ ಕೊಂಡರೆ ಮೋಸ ಹೋಗುತ್ತೇನಾ?

ನೋಡಲು ಗೊತ್ತಿದ್ದರೆ ಇಲ್ಲ. ಮೊದಲ ದೋಣಿ ಹಳೆಯದೇ ಇರಲಿ ಅನ್ನುವವನು ನಾನು. ಬಿಸಿಲಲ್ಲೇ ಬಿದ್ದಿದ್ದ ಪ್ಲಾಸ್ಟಿಕ್ ಬಣ್ಣ ಮಾಸಿ, ಸುಣ್ಣದ ಹಾಗೆ ಕೈಗೆ ಪುಡಿ ಹತ್ತುತ್ತದೆ. ಅದನ್ನು ಬಿಟ್ಟುಬಿಡಿ. ಗೀರುಗಳಿಗೆ ಹೆದರಬೇಡಿ, ಆದರೆ ಉಗುರು ಪೂರ್ತಿ ಇಳಿಯುವಷ್ಟು ಆಳ ಇರಬಾರದು. ಕಾರಿನ ಮೇಲಿನ ಕಂಬಿಗೆ ಬಿಗಿಯಾಗಿ ಕಟ್ಟಿಟ್ಟು ತಳ ಒಳಗೆ ತಗ್ಗಾಗಿದ್ದರೆ, ಕೆಲವೊಮ್ಮೆ ಬಿಸಿಲಿಗಿಟ್ಟು ಒಳಗಿನಿಂದ ಒತ್ತಿದರೆ ಸರಿಹೋಗುತ್ತದೆ. ಹಿಂದಿನ ಖಾನೆಗೆ ಒಂದು ಬಕೆಟ್ ನೀರು ಸುರಿದು ಕೂರುವ ಜಾಗಕ್ಕೆ ಸೋರುತ್ತದಾ ನೋಡಿ. ಮುಚ್ಚಳದ ರಬ್ಬರ್ ಒತ್ತಿ ನೋಡಿ. ಹಳೆಯ ಕನೂಗಳಲ್ಲಿ ರಾಯಲೆಕ್ಸ್ ಎಂಬ ಪದರದ ಪ್ಲಾಸ್ಟಿಕ್ ಸಿಗುತ್ತದೆ. ಅದರ ತಯಾರಿಕೆ 2014ರ ಹೊತ್ತಿಗೆ ನಿಂತುಹೋಯಿತು, ಚೆನ್ನಾಗಿರುವುದು ಸಿಕ್ಕರೆ ಬಿಡಬೇಡಿ.

ಮನೆಗೆ ತಂದ ಮೇಲೆ ನೆರಳಲ್ಲಿ, ಒಂದು ಬದಿಯ ಮೇಲೆ ಮಲಗಿಸಿ ಅಥವಾ ಅಗಲ ಪಟ್ಟಿಯಲ್ಲಿ ತೂಗುಹಾಕಿ. ಉಪ್ಪು ನೀರಿನಿಂದ ಬಂದರೆ ಸಿಹಿನೀರಲ್ಲಿ ತೊಳೆಯಿರಿ.

ಕೊನೆಗೆ ಮಾರುವವರನ್ನು ಒಂದು ಮಾತು ಕೇಳಿ: ಅರ್ಧ ಗಂಟೆ ನೀರಿಗಿಳಿಸಿ ನೋಡಬಹುದಾ? ಒಪ್ಪಿದರೆ ಹೋಗಿ ಕೂರಿ. ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆ ಇದ್ದರೂ, ನಾನಾಗಿದ್ದರೆ ಇನ್ನೊಂದು ದೋಣಿ ಹುಡುಕುತ್ತೇನೆ.